ಯಾವ ಲ್ಯಾಪ್‌ಟಾಪ್ ತಗೊಳ್ಳೋದು ಅಂತ ಕೇಳಬಾರದಿತ್ತು

ಮದುವೆ ಊಟದ ಎರಡನೇ ಪಂಕ್ತಿಯಲ್ಲಿ, ಕೋಸಂಬರಿ ಬಡಿಸಿ ಪಲ್ಯ ಬರುವುದರೊಳಗೆ, ಯಾರಾದರೊಬ್ಬ ಚಿಕ್ಕಪ್ಪ ಈ ಪ್ರಶ್ನೆ ಎತ್ತಿಯೇ ಎತ್ತುತ್ತಾರೆ: “ಏನಪ್ಪಾ, ನೀವೆಲ್ಲ ಸಾಫ್ಟ್‌ವೇರ್‌ನಲ್ಲಿದ್ದೀರಲ್ಲ, ಮಗಳು ಇಂಜಿನಿಯರಿಂಗ್ ಸೇರ್ತಾಳೆ, ಯಾವ ಲ್ಯಾಪ್‌ಟಾಪ್ ಕೊಡಿಸ್ಲಿ?” ಅಕ್ಕಪಕ್ಕದ ಎಲೆಗಳಿಂದ ಮೂರು ತಲೆ ಒಟ್ಟಿಗೆ ಏಳುತ್ತವೆ. ಒಬ್ಬ ವಿಂಡೋಸು, ಒಬ್ಬ ಮ್ಯಾಕು, ಇನ್ನೊಬ್ಬ ಲಿನಕ್ಸು. ಪಾಯಸ ಬರುವ ಹೊತ್ತಿಗೆ ಮೂವರೂ ಉಳಿದಿಬ್ಬರನ್ನು ಮೂರ್ಖರೆಂದು ಸಾಬೀತು ಮಾಡಿ ಆಗಿರುತ್ತದೆ. ಹುಡುಗಿ ಯಾವ ಬ್ರಾಂಚಿಗೆ ಸೇರುತ್ತಾಳೆ ಎಂದು ಮಾತ್ರ ಒಬ್ಬರೂ ಕೇಳಿರುವುದಿಲ್ಲ.

ಮೆಕ್ಯಾನಿಕಲ್ ಆದರೆ ಯಂತ್ರಭಾಗಗಳ ವಿನ್ಯಾಸ ಮಾಡುವ ಸಾಲಿಡ್‌ವರ್ಕ್ಸ್ ಬೇಕಾದೀತು, ಅದು ವಿಂಡೋಸಿಗೆ ಮಾತ್ರ. ಐಫೋನ್ ಆ್ಯಪ್ ಬರೆಯುವುದಾದರೆ ಎಕ್ಸ್‌ಕೋಡ್ ಬೇಕು, ಅದು ಮ್ಯಾಕಿಗೆ ಮಾತ್ರ. ರೋಬೋಟಿಕ್ಸ್ ಲ್ಯಾಬಿನಲ್ಲಿ ರೋಬೋಟ್ ನಡೆಸುವ ತಂತ್ರಾಂಶವಾದ ಆರ್‌ಓಎಸ್ ಕಲಿಸುತ್ತಾರೆಂದರೆ ಲಿನಕ್ಸಿನ ಒಂದು ಬಗೆಯಾದ ಉಬುಂಟು ಇದ್ದರೆ ಸಲೀಸು. ಎಲೆಗೆ ಅನ್ನ ಬೀಳುವುದರೊಳಗೆ ಮುಗಿಯುವ ವಿಷಯ ಇದು. ಅಷ್ಟು ಬೇಗ ಮುಗಿದರೆ ಮಜಾ ಎಲ್ಲಿ ಉಳಿಯಿತು? ಆದ್ದರಿಂದ ಈ ಕುಸ್ತಿಯ ಅಖಾಡಕ್ಕೆ ಹೊಸದಾಗಿ ಇಳಿಯುವವರು ತಿಳಿದಿರಬೇಕಾದ ಪಟ್ಟುಗಳನ್ನು ಇಲ್ಲಿ ಕೊಡಲಾಗಿದೆ.

ಮೊದಲ ಪಟ್ಟು ಸುಲಭ. ನಿಮ್ಮ ಓಎಸ್ಸಿನ (ಆಪರೇಟಿಂಗ್ ಸಿಸ್ಟಮ್, ಅಂದರೆ ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶ) ಈ ವರ್ಷದ ಆವೃತ್ತಿಯನ್ನು ಎದುರಾಳಿಯ ಹದಿನೈದು ವರ್ಷ ಹಿಂದಿನ ಆವೃತ್ತಿಯ ಜೊತೆ ಹೋಲಿಸಿ. ವಿಂಡೋಸಿಗೆ “ನೀಲಿ ಪರದೆ” ಎನ್ನಿ. ಯಂತ್ರ ಕುಸಿದಾಗ ಬರುವ ಆ ಪರದೆಗೆ 2025ರಲ್ಲಿ ಮೈಕ್ರೋಸಾಫ್ಟ್ ಕಪ್ಪು ಬಣ್ಣ ಬಳಿದಿದೆ, ಆದರೂ ಜೋಕು ನಡೆಯುತ್ತದೆ. ಮ್ಯಾಕಿಗೆ “ಮೌಸ್ ಚಾರ್ಜಿಗಿಟ್ಟರೆ ಮೌಸ್ ಓಡಿಸೋಕಾಗಲ್ಲ” ಎನ್ನಿ. ಇದು ಹಳೆಯ ಮಾತೆಂದು ಹಿಂಜರಿಯಬೇಡಿ. 2024ರಲ್ಲಿ ಆಪಲ್ ಆ ಮೌಸಿನ ಪೋರ್ಟನ್ನು ಯುಎಸ್‌ಬಿ-ಸಿಗೆ ಬದಲಾಯಿಸಿತು, ಜಾಗವನ್ನು ಮಾತ್ರ ಹೊಟ್ಟೆಯ ಕೆಳಗೇ ಉಳಿಸಿಕೊಂಡಿತು. ಲಿನಕ್ಸಿಗೆ “ವೈಫೈ ಬರಲ್ಲ” ಅಂದರೆ ಸಾಕು.

ಮ್ಯಾಕ್ ಪಕ್ಷದಲ್ಲಿ ನಿಲ್ಲುವವರಿಗೆ ನೆನಪಿನ ಶಕ್ತಿ ಕಡಿಮೆ ಇದ್ದಷ್ಟೂ ಒಳ್ಳೆಯದು. 2023ರ ಅಕ್ಟೋಬರಿನಲ್ಲಿ ಎಂ3 ಚಿಪ್ಪಿನ 14 ಇಂಚಿನ ಮ್ಯಾಕ್‌ಬುಕ್ ಪ್ರೋ ಬಂತು. ಭಾರತದಲ್ಲಿ ಆರಂಭದ ಬೆಲೆ 1,69,900 ರೂಪಾಯಿ, ಅದರೊಳಗೆ 8 ಜಿಬಿ ರ‍್ಯಾಮ್. ಇದೇನು ಅನ್ಯಾಯ ಎಂದು ಕೇಳಿದವರಿಗೆ, ನಮ್ಮ 8 ಜಿಬಿ ಬೇರೆಯವರ 16 ಜಿಬಿಗೆ ಸಮ ಎಂಬರ್ಥದ ಉತ್ತರ ಆಪಲ್ ಅಧಿಕಾರಿಯೊಬ್ಬರಿಂದಲೇ ಬಂತು. ಅಭಿಮಾನಿಗಳಿಗೆ ಅಷ್ಟು ಸಾಕಾಯಿತು. ಯುನಿಫೈಡ್ ಮೆಮೊರಿ, ಬ್ಯಾಂಡ್‌ವಿಡ್ತ್, ಕಂಪ್ರೆಷನ್ ಎಂದು ಒಂದು ವರ್ಷ ಊರೆಲ್ಲ ಪಾಠ ಹೇಳಿದರು. 2024ರ ಅಕ್ಟೋಬರಿನಲ್ಲಿ ಆಪಲ್ ಸದ್ದಿಲ್ಲದೆ ಎಲ್ಲ ಮ್ಯಾಕುಗಳಿಗೂ 16 ಜಿಬಿಯನ್ನೇ ಕನಿಷ್ಠ ಮಾಡಿತು, ಮ್ಯಾಕ್‌ಬುಕ್ ಏರ್‌ನ ಬೆಲೆಯನ್ನೂ ಏರಿಸಲಿಲ್ಲ. ಮರುದಿನದಿಂದ ಅದೇ ಬಾಯಲ್ಲಿ: “ನೋಡಿ, ಈಗಿನ ಕಾಲಕ್ಕೆ 16 ಬೇಕೇ ಬೇಕು.”

8 ಜಿಬಿ ಕೊಂಡು ಕೂತವರು ನಿಜಸ್ಥಿತಿ ನೋಡುವುದಾದರೆ ಆ್ಯಕ್ಟಿವಿಟಿ ಮಾನಿಟರ್ ತೆರೆದು ಮೆಮೊರಿ ಟ್ಯಾಬಿಗೆ ಹೋಗಬೇಕು. ಕೆಳಗೆ ಮೆಮೊರಿ ಪ್ರೆಶರ್ ಗ್ರಾಫ್ ಹಳದಿ, ಕೆಂಪಿಗೆ ತಿರುಗುತ್ತಿದ್ದು, ಸ್ವಾಪ್ ಯೂಸ್ಡ್ ಎಂಬಲ್ಲಿ ನಾಲ್ಕೈದು ಜಿಬಿ ಕಾಣುತ್ತಿದ್ದರೆ, ರ‍್ಯಾಮಿನಲ್ಲಿ ಹಿಡಿಯದ್ದನ್ನು ಅದು ಎಸ್‌ಎಸ್‌ಡಿಗೆ ಬರೆದು ಓದುತ್ತಿದೆ ಎಂದರ್ಥ. ರ‍್ಯಾಮ್ ಚಿಪ್ಪಿನ ಜೊತೆಗೇ ಬೆಸುಗೆಯಾಗಿ ಬಂದದ್ದು, ಆಮೇಲೆ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ಇನ್ನೊಂದು ಪಟ್ಟಿ ಸಿಕ್ಕಿಸಿಕೊಂಡು ಬರುವಂತಿಲ್ಲ. ಈ ಮಾತನ್ನು ಚರ್ಚೆಯಲ್ಲಿ ಎತ್ತಬೇಡಿ. “ನಂಗೆ ಯಾವತ್ತೂ ಸ್ಲೋ ಅನ್ನಿಸಿಲ್ಲ” ಎಂದರೆ ಮುಗಿಯಿತು. ಅನ್ನಿಸಿಕೆಗೆ ಗ್ರಾಫ್ ಇಲ್ಲ.

ವಿಂಡೋಸ್ ಪಕ್ಷದವರ ಹೆಮ್ಮೆ “ನಮ್ದು ಎಲ್ಲದರಲ್ಲೂ ಓಡುತ್ತೆ” ಎಂಬುದಾಗಿತ್ತು. 2015ರಲ್ಲಿ ಮೈಕ್ರೋಸಾಫ್ಟಿನ ಉದ್ಯೋಗಿಯೊಬ್ಬರು ವಿಂಡೋಸ್ 10ನೇ ಕೊನೆಯ ವಿಂಡೋಸ್ ಎಂದು ವೇದಿಕೆಯ ಮೇಲೆ ಹೇಳಿದ್ದರು. 2021ರ ಅಕ್ಟೋಬರ್ 5ಕ್ಕೆ ಕೊನೆಯದರ ಮುಂದಿನದು, ವಿಂಡೋಸ್ 11, ಬಂತು. ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪು ಬೇಕು, ಸೆಕ್ಯೂರ್ ಬೂಟ್ ಬೇಕು, ಇಂಟೆಲ್ ಆದರೆ ಬಹುಮಟ್ಟಿಗೆ 8ನೇ ಅಥವಾ ಅದರ ನಂತರದ ತಲೆಮಾರಿನ ಪ್ರೊಸೆಸರ್ ಬೇಕು. 7ನೇ ತಲೆಮಾರಿನ ಐ7 ಇಟ್ಟುಕೊಂಡವರು ಬಯಾಸ್‌ಗೆ ಹೋಗಿ, ಸೆಕ್ಯುರಿಟಿ ಮೆನುವಿನಲ್ಲಿ ಪಿಟಿಟಿ ಎಂಬ ಇಂಟೆಲ್ಲಿನದೇ ಟಿಪಿಎಂ ಅನ್ನು ಆನ್ ಮಾಡಿ, ಟಿಪಿಎಂ 2.0 ಇದೆ ಎಂದು ತೋರಿಸಿದರೂ ಒಳಗೆ ಪ್ರವೇಶವಿಲ್ಲ. ಒಂದು ವಿನಾಯಿತಿ ಉಂಟು. 7ನೇ ತಲೆಮಾರಿನ ಲ್ಯಾಪ್‌ಟಾಪ್ ಚಿಪ್ಪುಗಳಲ್ಲಿ 7820ಎಚ್‌ಕ್ಯೂ ಎಂಬುದೊಂದು ಪರೀಕ್ಷೆಯಲ್ಲಿ ಪಾಸಾಯಿತು. ಅದು ಮೈಕ್ರೋಸಾಫ್ಟ್ ತಾನೇ ಮಾರುತ್ತಿದ್ದ ಸರ್ಫೇಸ್ ಸ್ಟುಡಿಯೋ 2ರ ಒಳಗಿರುವ ಚಿಪ್ಪು. ಕಾಕತಾಳೀಯ ಇರಬೇಕು.

ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಇನ್ನೊಂದು ವರ್ಷ ಸೆಕ್ಯುರಿಟಿ ಅಪ್‌ಡೇಟ್ ಬೇಕೆಂದರೆ 30 ಡಾಲರ್ ಕೊಡಿ, ಇಲ್ಲವೇ ನಿಮ್ಮ ಸೆಟ್ಟಿಂಗ್ಸನ್ನು ಮೈಕ್ರೋಸಾಫ್ಟ್ ಖಾತೆಗೆ ಬ್ಯಾಕಪ್ ಮಾಡಿ, ಅದೂ ಬೇಡವಾದರೆ 1000 ರಿವಾರ್ಡ್ಸ್ ಪಾಯಿಂಟ್ ಕೊಡಿ ಎಂದು ಕಂಪನಿ ಮೂರು ದಾರಿ ತೋರಿಸಿತು. ಆ ಪಾಯಿಂಟ್ ಹೇಗೆ ಬರುತ್ತದೆ? ಬಿಂಗ್‌ನಲ್ಲಿ ಹುಡುಕಿದರೆ ಬರುತ್ತದೆ. ಕಂಪ್ಯೂಟರಿನ ಭದ್ರತೆಗಾಗಿ ಬಿಂಗ್ ಬಳಸಬೇಕಾದ ಸ್ಥಿತಿಯನ್ನು ವಿಂಡೋಸಿನ ಕಡುವೈರಿಗಳೂ ಊಹಿಸಿರಲಿಲ್ಲ.

“ಲಿನಕ್ಸಾ? ಎಲ್ಲಾ ಟೈಪ್ ಮಾಡ್ಬೇಕು ಮಾರಾಯ” ಎಂದು ನಗುವವರೂ ಇವರೇ. ಇವರು ಹೊಸ ಲ್ಯಾಪ್‌ಟಾಪಿನಲ್ಲಿ ಮೈಕ್ರೋಸಾಫ್ಟ್ ಖಾತೆಯಿಲ್ಲದೆ ವಿಂಡೋಸ್ 11 ಹಾಕುವ ಪರಿ ನೋಡಬೇಕು. ವೈಫೈ ಕೇಳುವ ಪರದೆಯಲ್ಲಿ ಶಿಫ್ಟ್ ಒತ್ತಿ ಎಫ್10 (ಕೆಲವು ಲ್ಯಾಪ್‌ಟಾಪಿನಲ್ಲಿ ಎಫ್‌ಎನ್ ಕೂಡ ಒತ್ತಬೇಕು, ಇಲ್ಲದಿದ್ದರೆ ಸೌಂಡ್ ಜಾಸ್ತಿಯೋ ಬ್ರೈಟ್‌ನೆಸ್ ಕಡಿಮೆಯೋ ಆಗುತ್ತದೆ). ಕಪ್ಪು ಕಿಟಕಿ ಬರುತ್ತದೆ. ಅಲ್ಲಿ ಬೈಪಾಸ್‌ಎನ್‌ಆರ್‌ಓ ಎಂಬ ಕಮಾಂಡನ್ನು ಒಂದಕ್ಷರ ತಪ್ಪದೆ ಟೈಪ್ ಮಾಡಬೇಕು. ಯಂತ್ರ ರೀಸ್ಟಾರ್ಟ್ ಆಗಿ “ನನ್ನ ಬಳಿ ಇಂಟರ್ನೆಟ್ ಇಲ್ಲ” ಎಂಬ ಆಯ್ಕೆಯನ್ನು ದಯಪಾಲಿಸುತ್ತದೆ. 2025ರಿಂದ ಮೈಕ್ರೋಸಾಫ್ಟ್ ಈ ಕಿಂಡಿಯನ್ನೂ ಮುಚ್ಚುವುದಕ್ಕೆ ಹೊರಟಿದೆ. ಆಮೇಲೆ ಇನ್ನೂ ಉದ್ದದ ಕಮಾಂಡ್ ಬರುತ್ತದೆ, ಅದನ್ನೂ ಟೈಪ್ ಮಾಡುತ್ತಾರೆ. ವಿಂಡೋಸ್ ಸುಲಭ ಎಂಬ ನಂಬಿಕೆಗೆ ಕಿಂಚಿತ್ತೂ ಚ್ಯುತಿ ಬರುವುದಿಲ್ಲ.

ಇನ್ನು ಲಿನಕ್ಸು. ಇಲ್ಲಿ ಬರೀ “ಲಿನಕ್ಸ್” ಎಂದರೆ ಸಾಲದು, ಬೇರೆ ಬೇರೆ ಬಳಗಗಳು ಕಟ್ಟಿದ ಹಲವು ಲಿನಕ್ಸುಗಳಿವೆ. ಸಂಬಂಧ ಕೂಡಿಸುವಾಗಿನ ಹಾಗೆ ಗೋತ್ರ ಕೇಳುತ್ತಾರೆ: ಡೆಬಿಯನ್ನೋ, ಫೆಡೋರಾನೋ, ಆರ್ಚೋ? ಉಬುಂಟು ಎಂದರೆ “ಓ, ಶುರುವಿಗೆ ಪರವಾಗಿಲ್ಲ” ಎಂಬ ಕರುಣೆಯ ನೋಟ. ಉಬುಂಟುವಿನಲ್ಲಿ ಆ್ಯಪ್ ಹಾಕುವ ಸ್ನ್ಯಾಪ್ ಇಟ್ಟುಕೊಂಡಿದ್ದೀರಾ, ತೆಗೆದಿದ್ದೀರಾ? ಯಂತ್ರ ಹೊತ್ತಿದಾಗ ಉಳಿದ ಸೇವೆಗಳನ್ನೆಲ್ಲ ಎಬ್ಬಿಸುವ ಸಿಸ್ಟಮ್‌ಡಿ ಪರವೋ ವಿರುದ್ಧವೋ? ಹೊರಗಿನ ಶತ್ರುವಿನ ಕಡೆ ತಿರುಗಲು ಇವರಿಗೆ ಪುರುಸೊತ್ತು ಸಿಗುವುದು ಅಪರೂಪ.

ಆರ್ಚ್ ಗೋತ್ರದವರ ಗರ್ವ ಬಹಳ ದುಡಿದು ಗಳಿಸಿದ್ದು. ಪೆನ್‌ಡ್ರೈವಿನಿಂದ ಬೂಟ್ ಮಾಡಿ, ಡಿಸ್ಕನ್ನು ಕೈಯಾರೆ ಭಾಗ ಮಾಡಿ, ಪ್ಯಾಕ್‌ಸ್ಟ್ರ್ಯಾಪ್ ಓಡಿಸಿ, ಎಫ್‌ಎಸ್‌ಟ್ಯಾಬ್ ಹುಟ್ಟಿಸಿ, ಬೂಟ್‌ಲೋಡರ್ ಕೂರಿಸಿ ಹೆಮ್ಮೆಯಿಂದ ರೀಬೂಟ್ ಕೊಡುತ್ತಾರೆ. ಕಪ್ಪು ಪರದೆಯಲ್ಲಿ ಲಾಗಿನ್ ಕೇಳುತ್ತದೆ. ಇಂಟರ್ನೆಟ್ ಇಲ್ಲ. ಪೆನ್‌ಡ್ರೈವಿನಲ್ಲಿದ್ದ ವೈಫೈ ಸಲಕರಣೆಗಳು ಪೆನ್‌ಡ್ರೈವಿನವು, ಹೊಸ ಸಿಸ್ಟಮ್ಮಿಗೆ ನೆಟ್‌ವರ್ಕ್‌ಮ್ಯಾನೇಜರನ್ನು ಬೇರೆ ಹಾಕಬೇಕಿತ್ತು. ಹಾಕಲು ಇಂಟರ್ನೆಟ್ ಬೇಕು. ಮತ್ತೆ ಪೆನ್‌ಡ್ರೈವಿನಿಂದ ಬೂಟ್ ಮಾಡಿ, ಪಾರ್ಟಿಷನ್ ಮೌಂಟ್ ಮಾಡಿ, ಆರ್ಚ್-ಕ್ರೂಟ್ ಮೂಲಕ ಒಳಹೊಕ್ಕು, ಪ್ಯಾಕ್‌ಮನ್ನಿನಲ್ಲಿ ಅದನ್ನು ಇಳಿಸಿ, ಸರ್ವಿಸನ್ನು ಎನೇಬಲ್ ಮಾಡಬೇಕು. 2021ರಿಂದ ಇದನ್ನೆಲ್ಲ ಪ್ರಶ್ನೆ ಕೇಳಿ ಮಾಡಿಮುಗಿಸುವ ಸ್ಕ್ರಿಪ್ಟೊಂದು ಆ ಪೆನ್‌ಡ್ರೈವಿನಲ್ಲೇ ಬರುತ್ತದೆ. ಅದನ್ನು ಬಳಸಿದ್ದನ್ನು ಯಾರಿಗೂ ಹೇಳಬಾರದು.

ಹಳೆಯ ಲ್ಯಾಪ್‌ಟಾಪಿನಲ್ಲಿ ಬ್ರಾಡ್‌ಕಾಮ್ ವೈಫೈ ಕಾರ್ಡ್ ಇದ್ದರೂ ಇದೇ ಕಥೆ: ವೈಫೈ ಡ್ರೈವರ್ ಇಳಿಸಲು ವೈಫೈ ಬೇಕು. ಆಂಡ್ರಾಯ್ಡ್ ಫೋನನ್ನು ಕೇಬಲ್ಲಿನಿಂದ ಸಿಕ್ಕಿಸಿ, ಯುಎಸ್‌ಬಿ ಟೆದರಿಂಗ್ ಆನ್ ಮಾಡಿದರೆ ಸಾಮಾನ್ಯವಾಗಿ ತಕ್ಷಣ ನೆಟ್ ಬರುತ್ತದೆ. ಆ ಫೋನಿನೊಳಗಿರುವುದೂ ಲಿನಕ್ಸ್ ಕರ್ನಲ್ಲೇ, ಅಂದರೆ ಓಎಸ್ಸಿನ ತಿರುಳು. ವಿಂಡೋಸು, ವಿಂಡೋಸು ಎಂದು ಎಲೆ ಮುಂದೆ ಕೂತು ಬಡಿದಾಡಿದ ಮಹಾಶಯರ ಜೇಬಿನಲ್ಲೂ ಬಹುಪಾಲು ಅದೇ ಇರುತ್ತದೆ.

ಪಕ್ಷಾಂತರದ ವಿಷಯದಲ್ಲಿ ಈ ಕ್ಷೇತ್ರ ನಮ್ಮ ವಿಧಾನಸಭೆಗೆ ಸರಿಸಾಟಿ. 2001ರಲ್ಲಿ ಮೈಕ್ರೋಸಾಫ್ಟಿನ ಮುಖ್ಯಸ್ಥ ಸ್ಟೀವ್ ಬಾಲ್ಮರ್ ಲಿನಕ್ಸನ್ನು ಕ್ಯಾನ್ಸರ್ ಎಂದರು. 2014ರಲ್ಲಿ ಮಣಿಪಾಲದಲ್ಲಿ ಇಂಜಿನಿಯರಿಂಗ್ ಓದಿದ ಸತ್ಯ ನಾದೆಲ್ಲ ಅದೇ ಕುರ್ಚಿಯಲ್ಲಿ ಕೂತು, ಮೈಕ್ರೋಸಾಫ್ಟ್ ಲಿನಕ್ಸನ್ನು ಪ್ರೀತಿಸುತ್ತದೆ ಎಂದರು. ಈಗ ವಿಂಡೋಸಿನಲ್ಲಿ ಒಂದು ಕಮಾಂಡ್ ಕೊಟ್ಟರೆ ಲಿನಕ್ಸ್ ಕರ್ನಲ್ ಒಳಗೇ ಓಡುತ್ತದೆ. ಅದಕ್ಕೂ ಮುಂಚೆ, 1992ರ ಜನವರಿಯಲ್ಲಿ, ಮಿನಿಕ್ಸ್ ಎಂಬ ಓಎಸ್ ಬರೆದ ಪ್ರೊಫೆಸರ್ ಆಂಡ್ರ್ಯೂ ಟನೆನ್‌ಬಾಮ್ ಅವರು ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್‌ಗೆ, ನಿನ್ನ ಲಿನಕ್ಸ್ ಹುಟ್ಟುವಾಗಲೇ ಹಳತು, ನೀನು ನನ್ನ ಶಿಷ್ಯನಾಗಿದ್ದರೆ ಇಂಥ ವಿನ್ಯಾಸಕ್ಕೆ ಒಳ್ಳೆಯ ಅಂಕ ಸಿಗುತ್ತಿರಲಿಲ್ಲ ಎಂದು ಬಹಿರಂಗವಾಗಿ ಬರೆದಿದ್ದರು. ಐದು ವರ್ಷದಲ್ಲಿ ಎಲ್ಲರೂ ಸನ್ ಕಂಪನಿಯ ಕಂಪ್ಯೂಟರಾದ ಸ್ಪಾರ್ಕ್‌ಸ್ಟೇಷನ್ ಬಳಸುತ್ತಿರುತ್ತಾರೆ ಎಂಬ ಭವಿಷ್ಯವನ್ನೂ ನುಡಿದಿದ್ದರು. ಸ್ಪಾರ್ಕ್‌ಸ್ಟೇಷನ್ ಎಲ್ಲಿ ಹೋಯಿತೋ! ಇತ್ತ ಮಿನಿಕ್ಸ್ ಇಂಟೆಲ್ ಚಿಪ್ಪುಗಳ ಒಳಗೆ ತನ್ನಷ್ಟಕ್ಕೆ ಓಡುವ ಪುಟ್ಟ ಕಂಪ್ಯೂಟರಾದ ಮ್ಯಾನೇಜ್‌ಮೆಂಟ್ ಎಂಜಿನ್ನಿನಲ್ಲಿ ಸೇರಿಕೊಂಡಿತ್ತು, ಆ ಸುದ್ದಿ ಲೋಕಕ್ಕೆ ಗೊತ್ತಾದದ್ದು 2017ರಲ್ಲಿ. ಅಂದರೆ ಮೂವರ ವಾದ ಕೇಳಿ ಚಿಕ್ಕಪ್ಪನವರು ಕೊಡಿಸುವ ಇಂಟೆಲ್ ಲ್ಯಾಪ್‌ಟಾಪಿನಲ್ಲಿ ನಾಲ್ಕನೆಯವನೊಬ್ಬ ಬಾಯಿಬಿಡದೆ ಕೂತಿರುವ ಸಾಧ್ಯತೆ ಉಂಟು.

ಪ್ರತಿ ಪಂಕ್ತಿಯಲ್ಲೂ ಒಬ್ಬ ಸಂಧಾನಕಾರ ಇರುತ್ತಾನೆ. “ವಿಂಡೋಸು, ಲಿನಕ್ಸು ಎರಡೂ ಹಾಕ್ಕೊಳ್ಳಿ, ಡ್ಯುಯಲ್ ಬೂಟ್!” ಎಂದು ಸಲಹೆ ಕೊಟ್ಟು ಕೈತೊಳೆಯಲು ಎದ್ದುಹೋಗುತ್ತಾನೆ. ಅವನು ಹೇಳದೆ ಹೋದದ್ದು ಇಷ್ಟು. ಬೋರ್ಡಿನ ಮೇಲೆ ಬಟನ್ ಸೆಲ್ಲಿನಿಂದ ಓಡುವ ಗಡಿಯಾರವೊಂದಿದೆ. ಲಿನಕ್ಸ್ ಅದರಲ್ಲಿ ಯುಟಿಸಿ ಎಂಬ ಜಾಗತಿಕ ಸಮಯ ಬರೆದಿಡುತ್ತದೆ, ವಿಂಡೋಸ್ ಅದನ್ನೇ ಊರಿನ ಸಮಯ ಎಂದು ಓದುತ್ತದೆ. ಸಂಜೆ 6 ಗಂಟೆಗೆ ಲಿನಕ್ಸ್ ಮುಚ್ಚಿ ವಿಂಡೋಸ್ ತೆರೆದರೆ ಮಧ್ಯಾಹ್ನ 12:30. ಲಂಡನ್ನಿನವರಿಗೆ ಚಳಿಗಾಲದಲ್ಲಿ ಈ ಕಾಟವೇ ಗೊತ್ತಾಗುವುದಿಲ್ಲ, ನಮಗೆ ವರ್ಷವಿಡೀ ಐದೂವರೆ ಗಂಟೆ ನಷ್ಟ. ವಿಂಡೋಸಿನ ರಿಜಿಸ್ಟ್ರಿಯಲ್ಲಿ ರಿಯಲ್‌ಟೈಮ್‌ಈಸ್‌ಯುನಿವರ್ಸಲ್ ಎಂಬ ಮೌಲ್ಯ ಸೇರಿಸಿ 1 ಕೊಡಬೇಕು, ಅಥವಾ ಲಿನಕ್ಸಿನಲ್ಲಿ ಟೈಮ್‌ಡೇಟ್‌ಸಿಟಿಎಲ್ ಮೂಲಕ ಲೋಕಲ್ ಆರ್‌ಟಿಸಿಗೆ 1 ಕೊಡಬೇಕು. ಎರಡು ಕಡೆಯೂ ಮಾಡಿದರೆ ಮತ್ತೆ ಐದೂವರೆ ಗಂಟೆ, ಈ ಸಲ ಅದಲು ಬದಲು.

ಇನ್ನೊಂದು, ವಿಂಡೋಸಿಗೆ ಶಟ್‌ಡೌನ್ ಕೊಟ್ಟರೂ ಅದು ಪೂರ್ತಿ ಮಲಗುವುದಿಲ್ಲ. ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಕರ್ನಲ್ಲಿನ ಸ್ಥಿತಿಯನ್ನು ಡಿಸ್ಕಿಗೆ ಬರೆದು ಅರ್ಧ ಹೈಬರ್ನೇಟ್ ಆಗಿರುತ್ತದೆ. ಲಿನಕ್ಸಿನಿಂದ ಹೋಗಿ ಆ ಡ್ರೈವ್ ತೆರೆದರೆ ಫೈಲ್ ಓದಬಹುದು, ಬರೆಯುವಂತಿಲ್ಲ. ಹುಡುಗಿ ಅಸೈನ್‌ಮೆಂಟ್ ಸೇವ್ ಮಾಡುವ ರಾತ್ರಿ ಇದು ಗೊತ್ತಾಗುತ್ತದೆ. ಕಂಟ್ರೋಲ್ ಪ್ಯಾನೆಲ್ಲಿನ ಪವರ್ ಆಪ್ಷನ್ಸಿನಲ್ಲಿ ಪವರ್ ಬಟನ್ನಿನ ಪುಟಕ್ಕೆ ಹೋಗಿ ಫಾಸ್ಟ್ ಸ್ಟಾರ್ಟಪ್ಪಿನ ಟಿಕ್ ತೆಗೆಯಬೇಕು. ದೊಡ್ಡ ಅಪ್‌ಡೇಟ್ ಬಂದ ಮೇಲೆ ಇನ್ನೊಮ್ಮೆ ಹೋಗಿ ನೋಡಿಕೊಳ್ಳುವುದು ಕ್ಷೇಮ.

ಇಷ್ಟೆಲ್ಲ ಆದ ಮೇಲೆ ಮೂರೂ ಪಕ್ಷದವರು ಕನ್ನಡದ ಒಂದು ಸರ್ಕಾರಿ ಫೈಲಿನ ಮುಂದೆ ಒಟ್ಟಿಗೆ ಮಂಡಿಯೂರುತ್ತಾರೆ. ಯುನಿಕೋಡ್ ಕನ್ನಡ, ಅಂದರೆ ಎಲ್ಲ ಯಂತ್ರಗಳೂ ಒಪ್ಪಿದ ಒಂದೇ ಅಕ್ಷರ ಸಂಕೇತ, ಮೂರರಲ್ಲೂ ಇದೆ. ವಿಂಡೋಸಿನಲ್ಲಿ ಎಕ್ಸ್‌ಪಿ ಕಾಲದಿಂದ ತುಂಗಾ, ಆಮೇಲೆ ನಿರ್ಮಲಾ. ಮ್ಯಾಕಿನಲ್ಲಿ ಕನ್ನಡ ಸಂಗಮ್. ಲಿನಕ್ಸಿನಲ್ಲಿ ಲೋಹಿತ್, ಗುಬ್ಬಿ, ನವಿಲು. ಕನ್ನಡ ಟೈಪಿಂಗ್ ತಂತ್ರಾಂಶವಾದ ನುಡಿಯ ಕೆಜಿಪಿ (ಕನ್ನಡ ಗಣಕ ಪರಿಷತ್ತು) ಕೀಲಿಮಣೆಗೆ ಬೆರಳು ಪಳಗಿದವರಿಗೆ ಲಿನಕ್ಸಿನ ಐಬಸ್‌ನಲ್ಲೂ ಅದೇ ವಿನ್ಯಾಸ ಸಿಗುತ್ತದೆ. ಆದರೆ ಫೈಲು ಬಂದಿರುವುದು ಹಳೆಯ ನುಡಿ ಫಾಂಟಿನಲ್ಲಿ. ಅಲ್ಲಿ ಕನ್ನಡ ಅಕ್ಷರ ಎಂಬುದೇ ಇಲ್ಲ, ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳಿಗೆ ಕನ್ನಡದ ವೇಷ ಹಾಕಲಾಗಿದೆ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ‘ಕನ್ನಡ’ ಎಂಬ ಪದ ತೆರೆದುಕೊಳ್ಳುವುದು ಹೀಗೆ: ಒಂದು ಪಿ, ತಲೆ ಮೇಲೆ ಓರೆಗೆರೆ ಹೊತ್ತ ಎ, ಬ್ರಿಟಿಷ್ ಪೌಂಡಿನ ಗುರುತು, ಮತ್ತೆ ಅದೇ ಎ, ಒಂದು ಜರ್ಮನ್ ಅಕ್ಷರ, ಒಂದು ಕ್ಯೂ, ಮತ್ತದೇ ಎ. ಎರಡು ಲಕ್ಷದ ಮ್ಯಾಕಿನಲ್ಲೂ ಇದೇ ಪೌಂಡು, ಮೂರು ರಾತ್ರಿ ಕೂತು ಕೂರಿಸಿದ ಆರ್ಚಿನಲ್ಲೂ ಇದೇ ಪೌಂಡು, ಫಾಂಟ್ ಹಾಕಿರದ ವಿಂಡೋಸ್ 11ರಲ್ಲೂ ಇದೇ ಪೌಂಡು.

ಮೂವರೂ ಫೋನ್ ಮಾಡಿದರೆ ಕಚೇರಿಯ ಗುಮಾಸ್ತರಿಂದ ಬರುವುದು ಒಂದೇ ಉತ್ತರ: “ನುಡಿ ಹಾಕ್ಕೊಳ್ಳಿ ಸಾರ್. ಆಗಲ್ವಾ? ತಡೀರಿ.” ಅವರು ಪ್ರಿಂಟ್ ತೆಗೆದು, ಅದಕ್ಕೆ ಸೀಲು ಹೊಡೆದು, ಫೋನಿನಲ್ಲಿ ಸ್ಕ್ಯಾನ್ ಮಾಡಿ ಪಿಡಿಎಫ್ಫನ್ನು ವಾಟ್ಸಾಪಿಗೆ ಹಾಕುತ್ತಾರೆ. ಮೂರು ಓಎಸ್ಸಿನಲ್ಲೂ ಅದು ಒಂದೇ ಥರ ತೆರೆಯುತ್ತದೆ, ಎಡಕ್ಕೆ ಸ್ವಲ್ಪ ವಾಲಿಕೊಂಡು, ಮೂಲೆಯಲ್ಲಿ ಹೆಬ್ಬೆರಳಿನ ಸಮೇತ.