ಕುಲದ ಮನೆಯಿಂದ ಹೊರಬಿದ್ದ ಪದ

ಮಗು ಹಟ ಹಿಡಿದರೆ ಫ್ರೆಂಚ್ ಮನೆಗಳಲ್ಲಿ ದೊಡ್ಡವರು 'ಸ್ವಾ ಜಾಂತಿ' ಅನ್ನುತ್ತಾರೆ. ಹಟ ಬೇಡ ಪುಟ್ಟಾ, ಒಳ್ಳೆಯವನಾಗಿರು ಅಂತ. ಇಟಲಿಯಲ್ಲಿ ಮುದುಕರಿಗೆ ಸೀಟು ಬಿಟ್ಟುಕೊಟ್ಟವರು 'ಜೆಂಟೀಲೆ'. ಪೋರ್ಚುಗೀಸರ ಬಾಯಲ್ಲಿ ಈ ಒಳ್ಳೆಯತನಕ್ಕೆ 'ಜೆಂಟಿಲೆಜಾ' ಎಂದು ಹೆಸರು. ಸ್ಪ್ಯಾನಿಷ್‌ನಲ್ಲೂ ಇದೇ ಪದ ಇದೆ, ಆದರೆ ದಿನಬಳಕೆಗೆ ಅವರಿಗೆ ಪ್ರೀತಿಯ ಬೇರಿನ 'ಅಮಾಬ್ಲೆ'ಯೇ ಹತ್ತಿರ. ಇಂಗ್ಲಿಷ್ ಇದನ್ನು ಫ್ರೆಂಚಿನಿಂದ ಮೂರು ಸಲ ತಂದುಕೊಂಡಿತು: ಜೆಂಟಲ್, ಜೆಂಟೀಲ್, ಜಾಂಟಿ.

ಬೇರು ಹುಡುಕಿದಾಗ ನನಗೆ ನಿಜಕ್ಕೂ ಬೇಜಾರಾಯಿತು. ಲ್ಯಾಟಿನ್ನಿನ 'ಗೆನ್ಸ್' ಅಂದರೆ ಕುಲ, 'ಗೆಂಟಿಲಿಸ್' ಅಂದರೆ ಅದೇ ಕುಲದವನು. ಹಳೆಯ ಫ್ರೆಂಚಿಗೆ ಬರುವಷ್ಟರಲ್ಲಿ ಅದು ದೊಡ್ಡ ಮನೆತನದಲ್ಲಿ ಹುಟ್ಟಿದವನು ಎಂದಾಗಿತ್ತು, ನಮ್ಮ 'ಕುಲೀನ'ದ ಹಾಗೇ. ಮೃದುತನವೂ ಹುಟ್ಟಿನಿಂದಲೇ ಬರುವ ಆಸ್ತಿ ಅಂತ!

ಚರ್ಚಿನ ಲ್ಯಾಟಿನ್ನಿನಲ್ಲಿ ಇದೇ ಪದ ಹೊರಗಿನವರತ್ತ ತಿರುಗಿತು. ಕನ್ನಡ ಬೈಬಲ್ಲಿನಲ್ಲಿ 'ಅನ್ಯಜನರು' ಅಂತ ಓದುತ್ತೇವಲ್ಲ, ಅವರು. ಆ ದಾರಿಯಲ್ಲೇ ಬಂದ ಪೋರ್ಚುಗೀಸರ 'ಜೆಂಟಿಯೊ' ಇಂಗ್ಲಿಷರ ಬಾಯಲ್ಲಿ 'ಜೆಂಟೂ' ಆಗಿ ಹಿಂದೂಗಳಿಗೆ ಅಂಟಿಕೊಂಡಿತು. ಮದ್ರಾಸಿನಲ್ಲಿ ತೆಲುಗು ಭಾಷೆಗೂ ಅದೇ ಹೆಸರು. 1776ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಹಿಂದೂ ಕಾನೂನಿನ ಪುಸ್ತಕದ ಶೀರ್ಷಿಕೆಯಲ್ಲೂ ನಾವು 'ಜೆಂಟೂ'ಗಳೇ.

ಆದರೂ ಈ ಪದವನ್ನು ನಾನು ಬಿಟ್ಟುಕೊಡಲಾರೆ. ಕಾರಣ, ಇಟಲಿಯ ಬೊಲೋನ್ಯಾದ ಗ್ವೀದೊ ಗ್ವಿನಿಜೆಲ್ಲಿ. 13ನೇ ಶತಮಾನದ ಕವಿ. ಮಹಾಕವಿ ದಾಂತೆ ಈತನನ್ನು ಕಾವ್ಯದಲ್ಲಿ ತನ್ನ ತಂದೆ ಎಂದು ಕರೆದ. ಪ್ರೀತಿ ನೆಲೆಸುವುದು 'ಜೆಂಟೀಲೆ' ಹೃದಯದಲ್ಲಿ ಎಂದವನು ಈತ, ಜೆಂಟೀಲೆ ವಂಶದಲ್ಲಿ ಅನ್ನಲಿಲ್ಲ. ಬಿಸಿಲು ದಿನವಿಡೀ ಕೆಸರಿನ ಮೇಲೆ ಬೀಳುತ್ತದೆ, ಕೆಸರು ಕೆಸರಾಗಿಯೇ ಉಳಿಯುತ್ತದೆ, ಸೂರ್ಯನ ಶಾಖವೇನೂ ಕಡಿಮೆಯಾಗುವುದಿಲ್ಲ. ತಾನು ಹುಟ್ಟಿನಿಂದ ಶ್ರೇಷ್ಠ ಎಂದು ಬೀಗುವವನನ್ನು ಆತ ಆ ಕೆಸರಿಗೆ ಹೋಲಿಸುತ್ತಾನೆ. ಮನೆತನವೇ ಎಲ್ಲವೂ ಆಗಿದ್ದ ಕಾಲದಲ್ಲಿ ಮನೆತನದ ಪದವನ್ನೇ ಎತ್ತಿಕೊಂಡು ಹೀಗೆ ಹೇಳಲು ಎಂಥ ಎದೆಗಾರಿಕೆ ಬೇಕು! ಎಷ್ಟು ಸಲ ಓದಿದರೂ ನನಗೆ ರೋಮಾಂಚನ.

ನಮ್ಮೂರಿನ ರೇಷನ್ ಅಂಗಡಿಯಲ್ಲಿ ತೂಕ ಹಾಕುತ್ತಿದ್ದವರೊಬ್ಬರಿದ್ದರು. ವಯಸ್ಸಾದವರ ಚೀಲವನ್ನು ತಾವೇ ಹೊತ್ತು ರಸ್ತೆ ದಾಟಿಸುತ್ತಿದ್ದರು. ಅಪ್ಪ ಅವರನ್ನು ಕಂಡಾಗಲೆಲ್ಲ "ಪಕ್ಕಾ ಜಂಟಲ್‌ಮನ್ ಕಣಪ್ಪ" ಅನ್ನುತ್ತಿದ್ದರು. ಅವರು ಯಾರ ಪೈಕಿ ಅಂತ ನಮ್ಮ ಮನೆಯಲ್ಲಿ ಒಮ್ಮೆಯೂ ಮಾತು ಬಂದದ್ದಿಲ್ಲ.