ಲೋಟಕ್ಕೆ ಗೊತ್ತು, ಬಾಸ್ಟನ್ನಿಗೆ ಗೊತ್ತಿಲ್ಲ

ಬಾಯಿ ಅಗಲ, ತಳ ಕಿರಿದಾದ ಸ್ಟೀಲ್ ಲೋಟವೊಂದನ್ನು ನೆಲದ ಮೇಲೆ ಅಡ್ಡ ಮಲಗಿಸಿ ನೂಕಿ ನೋಡಿ. ಅದು ನೇರ ಹೋಗದೆ ತಳದ ಕಡೆಗೆ ಬಾಗಿ, ಠಣಠಣ ಎನ್ನುತ್ತ ಸುತ್ತು ಹಾಕುತ್ತದೆ. ರೈಲು ತಿರುಗುವುದೂ ಹೀಗೆಯೇ. ಚಕ್ರದ ಮೈ ತುಸು ಓರೆ. ಎರಡು ಚಕ್ರಗಳು ಒಂದೇ ಅಚ್ಚಿಗೆ ಬಿಗಿದಿರುತ್ತವೆ. ತಿರುವಿನಲ್ಲಿ ಹೊರಗಿನದು ದಪ್ಪ ಭಾಗದ ಮೇಲೆ, ಒಳಗಿನದು ಸಣ್ಣ ಭಾಗದ ಮೇಲೆ ಉರುಳಿ, ಗಾಡಿ ತಾನಾಗಿ ಬಾಗುತ್ತದೆ.

ಇಷ್ಟು ಸರಳವಾದದ್ದನ್ನು ಕೆಡಿಸಲು ಸಾರಿಗೆ ಪ್ರಾಧಿಕಾರವೇ ಬೇಕು.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಅಮೆರಿಕದ ಬಾಸ್ಟನ್ನಿನ ಗ್ರೀನ್ ಲೈನ್ ಎಂಬ ಟ್ರಾಮ್ ಮಾರ್ಗದಲ್ಲಿ ನೆಲ ನಿಜಕ್ಕೂ ಡೊಂಕು. ಅದರ ಸುರಂಗ ತೆರೆದದ್ದು 1897ರಲ್ಲಿ. ಬೀದಿ ತಿರುಗಿದಲ್ಲೆಲ್ಲ ಸುರಂಗವೂ ತಿರುಗಿದೆ. ಬಾಯ್ಲ್‌ಸ್ಟನ್ ನಿಲ್ದಾಣದ ತಿರುವು ಎಷ್ಟು ಬಿಗಿಯೆಂದರೆ ಓರೆ ಚಕ್ರದ ಜಾಣತನವೂ ಅಲ್ಲಿ ಸಾಲದು. ಚಕ್ರದ ಅಂಚು ಹಳಿಗೆ ಉಜ್ಜಿ ಕಿರುಚುವ ಸದ್ದಿಗೆ ಹಲ್ಲು ಜುಮ್ಮೆನ್ನುತ್ತದೆ.

ಇಂಥ ನೆಲದ ಮೇಲೆ ಕುಣಿಯಲು 1970ರ ದಶಕದಲ್ಲಿ ಕರೆಸಿದ್ದು ಯಾರನ್ನು? ಹೆಲಿಕಾಪ್ಟರ್ ತಯಾರಕರಾದ ಬೋಯಿಂಗ್ ವರ್ಟಾಲ್‌ನವರನ್ನು. ಹಳಿಯ ಗೊಡವೆಯೇ ಇಲ್ಲದ ವಾಹನ ಮಾಡಿ ಪಳಗಿದವರ ಗಾಡಿಗಳು, ಸಹಜವಾಗಿ, ತಿರುವುಗಳಲ್ಲಿ ಹಳಿ ಬಿಟ್ಟವು. 175ಕ್ಕೆ ಬೇಡಿಕೆ ಕೊಟ್ಟಿದ್ದ ಬಾಸ್ಟನ್ ಕೊನೆಯ 40ನ್ನು ಬೇಡವೆಂದಿತು. ಹೀಗೆ ಒಲ್ಲದ ವರಗಳಲ್ಲಿ ಹೆಚ್ಚಿನವರನ್ನು ಸ್ಯಾನ್ ಫ್ರಾನ್ಸಿಸ್ಕೊ ಮನೆ ತುಂಬಿಸಿಕೊಂಡಿತು.

1999ರಲ್ಲಿ ಇಟಲಿಯ ಬ್ರೆಡಾ ಕಂಪನಿಯ ಗಾಡಿಗಳು ಓಡತೊಡಗಿದವು. ಗಾಲಿಕುರ್ಚಿಯವರೂ ಸಲೀಸಾಗಿ ಹತ್ತಲೆಂದು ಗಾಡಿಯೊಳಗಿನ ನೆಲ ತಗ್ಗಿಸಿದ್ದರು, ನ್ಯಾಯವಾದದ್ದೇ. ತಗ್ಗಿಸಲು ಅಡ್ಡಬಂದದ್ದು ನಡುವಿನ ಚಕ್ರಗಳ ಅಚ್ಚು. ಅದನ್ನು ಕಿತ್ತರು. ಜೋಡಿ ಚಕ್ರಗಳು ಈಗ ಬೇರೆಬೇರೆ ಸಂಸಾರ ಹೂಡಿದವು. ಲೋಟದ ವಿದ್ಯೆ ಮರೆತುಹೋಯಿತು. ಗಾಡಿ ಮತ್ತೆ ಹಳಿಯಿಂದ ಕೆಳಗೆ. ದೋಷ ಗಾಡಿಯದೋ ಹಳಿಯದೋ ಎಂಬ ಜಗಳ ಮಾತ್ರ ಹಳಿ ತಪ್ಪದೆ ವರ್ಷಗಟ್ಟಲೆ ಓಡಿತು.

ಹಳೆಯ ಹಳಿಯದೇ ತಪ್ಪಾದರೆ ಹೊಸ ಹಳಿ ಹಾಕಿದರಾಯಿತಲ್ಲ? ಹಾಕಿದರು. ಸುಮಾರು 2.3 ಶತಕೋಟಿ ಡಾಲರ್ ಸುರಿದು 2022ರಲ್ಲಿ ಮಾರ್ಗವನ್ನು ಹತ್ತಿರದ ಮೆಡ್‌ಫರ್ಡ್ ಊರಿನವರೆಗೆ ವಿಸ್ತರಿಸಿದರು. ಹಳಿಗಳ ನಡುವೆ 4 ಅಡಿ 8.5 ಅಂಗುಲ ಇರಬೇಕು. 2023ರ ಅಕ್ಟೋಬರಿನಲ್ಲಿ ಪ್ರಾಧಿಕಾರವೇ ಬಾಯಿಬಿಟ್ಟಿತು: ಮೆಡ್‌ಫರ್ಡ್ ಕವಲಿನ ಶೇಕಡಾ 80ರಷ್ಟು ಹಳಿಯ ಅಗಲವನ್ನು ಸರಿಪಡಿಸಬೇಕು. ಹಳಿ ಇಕ್ಕಟ್ಟಾಗಿದೆ ಎಂಬುದು ಒಳಗಿನವರಿಗೆ 2021ರಲ್ಲೇ ಗೊತ್ತಿತ್ತಂತೆ. ಗೊತ್ತಿದ್ದೂ ಉದ್ಘಾಟನೆಯ ರಿಬ್ಬನ್ನಿನ ಅಳತೆ ಸರಿಯಾಗಿತ್ತು ಎನ್ನಿ.

ಆ ಹೊಸ ಹಳಿಯ ಕೆಲವೆಡೆ 2023ರಲ್ಲಿ ಗಾಡಿಗೆ ವಿಧಿಸಿದ್ದ ವೇಗ ಗಂಟೆಗೆ 3 ಮೈಲಿ. ನಮ್ಮಲ್ಲಿ ಆ ವೇಗದಲ್ಲಿ ತೇರು ಎಳೆಯುತ್ತಾರೆ. ರಥಬೀದಿಯ ಮೂಲೆ ಬಂದರೆ ಪಕ್ಕದಲ್ಲಿ ನಡೆಯುತ್ತಿರುವ ಮುದುಕನೊಬ್ಬ ಚಕ್ರದಡಿಗೆ ಮರದ ತುಂಡು ಕೊಡುತ್ತಾನೆ, ತೇರು ಮೂಲೆ ತಿರುಗುತ್ತದೆ. ಅವನ ಗಮನವೆಲ್ಲ ಭಕ್ತರು ಎಸೆಯುವ ಬಾಳೆಹಣ್ಣು ತಲೆಗೆ ಬೀಳದಿರಲಿ ಎಂಬುದರ ಕಡೆಗೇ.