ಧಾರೆಯ ಹತ್ತು ಸೆಕೆಂಡಿಗೆ ಒಂದು ಕ್ಯಾಮೆರಾ

ಮುಂಬಯಿಯಲ್ಲಿ ಮದುವೆಗಳ ಫೋಟೋ ತೆಗೆಯುವ ನಾನು ಹೊಸ ಕ್ಯಾಮೆರಾ ಕೊಳ್ಳಬೇಕೆಂದು ಬಾಯಿ ತಪ್ಪಿ ಹೇಳಿದ್ದೇ ತಡ, ಡೊಂಬಿವಲಿಯಿಂದ ದಹಿಸರ್‌ವರೆಗಿನ ಗೆಳೆಯರೆಲ್ಲ ಸಲಹೆಗಾರರಾಗಿಬಿಟ್ಟಿದ್ದಾರೆ. ಒಬ್ಬರು ಮೆಗಾಪಿಕ್ಸೆಲ್ ಎಣಿಸುತ್ತಾರೆ. ಇನ್ನೊಬ್ಬರು ಸೆಕೆಂಡಿಗೆ 40 ಫ್ರೇಮ್ ಎನ್ನುತ್ತಾರೆ. 8ಕೆ ವಿಡಿಯೋ ಇಲ್ಲದ ಕ್ಯಾಮೆರಾವನ್ನು ಈ ಕಾಲದಲ್ಲಿ ಯಾರು ಕೊಳ್ಳುತ್ತಾರೆ ಎಂದು ಮತ್ತೊಬ್ಬರು ನಗುತ್ತಾರೆ. ಇವರಲ್ಲಿ ಒಬ್ಬರೂ ಹಳಿ ರಿಪೇರಿಗೆಂದು ರೈಲುಗಳನ್ನು ಕಡಿಮೆ ಮಾಡುವ ಮೆಗಾಬ್ಲಾಕಿನ ಭಾನುವಾರ, ಬೆಳಗಿನ ಆರು ಗಂಟೆಗೆ, ಎರಡು ಕ್ಯಾಮೆರಾ ಬಾಡಿ, ನಾಲ್ಕು ಲೆನ್ಸ್, ಮೂರು ಫ್ಲ್ಯಾಶ್ ತುಂಬಿದ ಚೀಲ ಹೊತ್ತು ಲೋಕಲ್ ಹತ್ತಿ ಕುರ್ಲಾಕ್ಕೆ ಮದುವೆ ತೆಗೆಯಲು ಹೋದವರಲ್ಲ.

ನನ್ನ ಲೆಕ್ಕ ಬೇರೆ ಮಾರಾಯರೇ. ನಮ್ಮ ಕರಾವಳಿಯವರ ಒಂದು ಮದುವೆಯಲ್ಲಿ ಸುಮಾರು 3,500 ಚಿತ್ರ ತೆಗೆಯುತ್ತೇನೆ. ಊಟದ ಚಿತ್ರ ತಪ್ಪಿದರೆ ಇನ್ನೊಂದು ಪಂಕ್ತಿ ಇದೆ. ಕುಟುಂಬದವರನ್ನು ಮತ್ತೊಮ್ಮೆ ಸಾಲಾಗಿ ನಿಲ್ಲಿಸಬಹುದು. ಆದರೆ ಧಾರೆ? ವಧೂವರರ ಸೇರಿಸಿದ ಕೈಗಳ ಮೇಲೆ ಗಿಂಡಿಯ ಮೂತಿಯಿಂದ ನೀರು ಇಳಿಯುವುದು ಹೆಚ್ಚೆಂದರೆ ಹತ್ತು ಸೆಕೆಂಡು. ಆ ಹೊತ್ತಿಗೆ ಸ್ಯಾಕ್ಸೊಫೋನ್ ಏರುತ್ತದೆ, ಅಕ್ಷತೆ ಹಾರುತ್ತದೆ, ಹುಡುಗಿಯ ತಂದೆಯ ಗಂಟಲುಬ್ಬುತ್ತದೆ. "ಇನ್ನೊಮ್ಮೆ ಎರೆಯಿರಿ" ಎನ್ನುವಂತಿಲ್ಲ. ಹಾಗೆ ಕೇಳಿದ ಮಹಾನುಭಾವನೊಬ್ಬನನ್ನು ನೋಡಿದ್ದೇನೆ. ಪುರೋಹಿತರು ಅವನನ್ನು ನೋಡಿದ ನೋಟದ ಚಿತ್ರವನ್ನು ಮಾತ್ರ ಯಾರೂ ತೆಗೆಯಲಿಲ್ಲ. ಕ್ಯಾಮೆರಾದ ಯಾವ ಗುಣವನ್ನೇ ಹೇಳಿ, ನಾನು ಅದನ್ನು ಈ ಹತ್ತು ಸೆಕೆಂಡಿಗೆ ಹಿಡಿದು ಅಳೆಯುತ್ತೇನೆ.

ಮೊದಲನೆಯದಾಗಿ ಎರಡು ಮೆಮೊರಿ ಕಾರ್ಡ್, ಒಂದು ಕೆಟ್ಟರೂ ಇನ್ನೊಂದರಲ್ಲಿ ಚಿತ್ರ ಉಳಿಯಲೆಂದು. ಇದರಲ್ಲಿ ನನ್ನದು ಹಟವೇ ಸರಿ, ಅದಕ್ಕೆ ಕಾರಣವೂ ಇದೆ. 2011ರಲ್ಲಿ ನನ್ನ ಬಳಿ ಇದ್ದದ್ದು ಒಂದೇ ಕಾರ್ಡ್ ಹಿಡಿಸುವ ಕ್ಯಾಮೆರಾ. ಮದುವೆ ಮುಗಿಸಿ ರಾತ್ರಿ ಮನೆಗೆ ಬಂದು ಕಾರ್ಡನ್ನು ಕಂಪ್ಯೂಟರಿಗೆ ಹಾಕಿದರೆ, ಫಾರ್ಮ್ಯಾಟ್ ಮಾಡಲೇ ಎಂದು ಅದು ನನ್ನನ್ನೇ ಕೇಳಿತು. ಅಳಿಸಿಹೋದ ಕಡತಗಳನ್ನು ಎತ್ತುವ ಸಾಫ್ಟ್‌ವೇರ್ ಬೆಳಗಿನವರೆಗೂ ಓಡಿತು. ಧಾರೆಯ ಒಂದೇ ಒಂದು ಚಿತ್ರ ಸಿಕ್ಕಿತು. ಮೇಲಿನ ಅರ್ಧದಲ್ಲಿ ತಂದೆಯ ಮುಖ, ಕೈಯಲ್ಲಿ ವಾಲಿಸಿದ ಗಿಂಡಿ. ಕೆಳಗಿನ ಅರ್ಧ ಸಿಮೆಂಟು ಬಳಿದಂತೆ ಬೂದು ಬಣ್ಣ. ನೀರು ಎಲ್ಲಿ ಬಿತ್ತೆಂದು ಇಂದಿಗೂ ಕಾಣುವುದಿಲ್ಲ. ಹುಡುಗಿಯ ತಾಯಿ ಬೈಯಲಿಲ್ಲ. "ಹೋಗಲಿ ಮಗಾ, ವಿಡಿಯೋದಲ್ಲಿ ಇದೆಯಲ್ಲ" ಎಂದರು. ಬೈದಿದ್ದರೆ ಒಳ್ಳೆಯದಿತ್ತು.

ಆದ್ದರಿಂದ 2018ರಲ್ಲಿ ನಿಕಾನ್ ಝಡ್6, ಝಡ್7 ಮತ್ತು ಕ್ಯಾನನ್ ಇಒಎಸ್ ಆರ್ ಕ್ಯಾಮೆರಾಗಳು ಬಂದಾಗ, ಮೂರರಲ್ಲೂ ಒಂದೇ ಕಾರ್ಡಿನ ಜಾಗ ಕಂಡು ನಮ್ಮ ಕಸುಬಿನವರು ಕೂಗಾಡಿದ್ದು ನನಗೆ ಅತಿ ಎನಿಸಲಿಲ್ಲ. 2020ರಲ್ಲಿ ಬಂದ ಕ್ಯಾನನ್ ಆರ್6ನಲ್ಲಿಯೂ ನಿಕಾನ್ ಝಡ್6 ಎರಡನೆಯ ಆವೃತ್ತಿಯಲ್ಲಿಯೂ ಎರಡು ಜಾಗ ಇದ್ದವು. ನನ್ನ ತಕರಾರು ಅಷ್ಟಕ್ಕೇ ಮುಗಿಯುವುದಿಲ್ಲ: ಎರಡೂ ಒಂದೇ ಜಾತಿಯ ಕಾರ್ಡ್ ಆಗಿರಬೇಕು. ಒಂದು ಕಡೆ ದುಬಾರಿಯ ವೇಗದ ಕಾರ್ಡ್, ಇನ್ನೊಂದು ಕಡೆ ಸಾಮಾನ್ಯ ಎಸ್‌ಡಿ ಇಟ್ಟರೆ, ಎರಡಕ್ಕೂ ಒಟ್ಟಿಗೆ ಬರೆಯುವಾಗ ನಿಧಾನದ ಕಾರ್ಡಿನ ಹೆಜ್ಜೆಗೇ ಕ್ಯಾಮೆರಾ ನಡೆಯಬೇಕಾಗುತ್ತದೆ. ಜೋಡೆತ್ತಿನ ಗಾಡಿಗೆ ಒಂದು ಕುಂಟೆತ್ತು ಕಟ್ಟಿದ ಹಾಗೆ.

ಇನ್ನು ಮಂಟಪದ ಬೆಳಕಿನ ಕಥೆ. ಹಿಂದೆ ಹಳದಿ ಹ್ಯಾಲೊಜನ್ ಇದ್ದ ಕಾಲದಲ್ಲಿ ಸೆಖೆಯೊಂದೇ ತೊಂದರೆ. ಈಗ ವಧೂವರರ ಹಿಂದೆ ಎಲ್‌ಇಡಿ ಗೋಡೆ, ಎರಡು ಬದಿ ಪಾರ್ ಲೈಟ್ ಎಂಬ ನೇರಳೆ ಬಣ್ಣದ ವೇದಿಕೆ ದೀಪ. ನಮ್ಮ ಕಣ್ಣಿಗೆ ಸ್ಥಿರವಾಗಿ ಕಾಣುವ ಈ ದೀಪಗಳಲ್ಲಿ ಹೆಚ್ಚಿನವು ಬಿಡದೆ ಮಿನುಗುತ್ತಿರುತ್ತವೆ. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಚಿತ್ರವನ್ನು ಮೇಲಿನಿಂದ ಕೆಳಕ್ಕೆ ಸಾಲು ಸಾಲಾಗಿ ಓದುತ್ತದೆ. ಒಂದು ಸಾಲು ಓದುವಾಗ ದೀಪ ಉರಿದಿರುತ್ತದೆ, ಮುಂದಿನ ಸಾಲಿಗೆ ಆರಿರುತ್ತದೆ. ಫಲವಾಗಿ ಮದುಮಗಳ ಮುಖದ ಮೇಲೆ ಹುಲಿವೇಷದ ಪಟ್ಟೆ. ಇಡೀ ಚಿತ್ರವನ್ನು ಒಂದೇ ಸಲಕ್ಕೆ ಓದುವ ಗ್ಲೋಬಲ್ ಶಟರ್ ಇರುವ ಮೊದಲ ಫುಲ್ ಫ್ರೇಮ್ (ಹಳೆಯ 35 ಎಂಎಂ ಫಿಲ್ಮಿನ ಅಳತೆಯ ಸೆನ್ಸರಿನ) ಕ್ಯಾಮೆರಾವನ್ನು ಸೋನಿಯವರು 2023ರ ನವೆಂಬರಿನಲ್ಲಿ ಪ್ರಕಟಿಸಿದರು, ಎ9 ಮೂರನೆಯ ಆವೃತ್ತಿ. ಅದರಲ್ಲಿ ಪಟ್ಟೆ ಮಾಯ. ಮಿನುಗು ಪೂರ್ತಿ ಹೋಗುವುದಿಲ್ಲ, ಒಂದು ಫ್ರೇಮ್ ಬೆಳಗಿ ಇನ್ನೊಂದು ಮಂಕಾಗಬಹುದು. ಹೇಗಿದ್ದರೂ ಅದರ ಬೆಲೆ ನನ್ನಂಥವನ ಕೈಗೆಟುಕುವುದಲ್ಲ. ಹಾಗಾಗಿ ನನಗೆ ಪರದೆ ತೆರೆದು ಮುಚ್ಚುವ ಹಳೆಯ ಯಾಂತ್ರಿಕ ಶಟರೂ ಇರಲಿ. ಸ್ಯಾಕ್ಸೊಫೋನಿನ ಮುಂದೆ ಅದರ ಟಕ್ ಟಕ್ ಯಾರಿಗೆ ಕೇಳಿಸುತ್ತದೆ?

ಸದ್ದಿಲ್ಲದ ಶಟರ್ ಬೇಡವೆಂದಲ್ಲ. ಅದು ಬೇಕಾಗುವುದು ಮದುಮಗಳ ಕೋಣೆಯಲ್ಲಿ. ಅಜ್ಜಿ ಮೊಮ್ಮಗಳ ಜಡೆಗೆ ಮಲ್ಲಿಗೆಯ ಚೆಂಡು ಮುಡಿಸುತ್ತಾ ಏನನ್ನೋ ಪಿಸುಗುಟ್ಟುತ್ತಿರುತ್ತಾರೆ. ಒಮ್ಮೆ ಟಕ್ ಎಂದರೆ ಸಾಕು, ಸೆರಗು ಸರಿಪಡಿಸಿಕೊಂಡು, ಬೆನ್ನು ನೆಟ್ಟಗೆ ಮಾಡಿ, ಪಾಸ್‌ಪೋರ್ಟ್ ಫೋಟೋಗೆ ಕುಳಿತಂತೆ ಕುಳಿತುಬಿಡುತ್ತಾರೆ.

ಬಣ್ಣದ ಬಗ್ಗೆ ಒಂದು ಮಾತು. ಕೆಂಪು ಧಾರೆ ಸೀರೆಯ ಮೇಲೆ ಆ ನೇರಳೆ ಬೆಳಕು ಬಿದ್ದಾಗ ಕೆಂಪಿನ ಮಟ್ಟವೊಂದೇ ತುಂಬಿ ಚೆಲ್ಲುತ್ತದೆ. ಜರಿಯ ನೇಯ್ಗೆಯೆಲ್ಲ ಕರಗಿ ಒಂದೇ ಮುದ್ದೆಯಾಗುತ್ತದೆ. ಬೆಳಕು, ಬಣ್ಣಗಳ ಮಟ್ಟವೆಷ್ಟೆಂದು ಕ್ಯಾಮೆರಾ ತೋರಿಸುವ ಹಿಸ್ಟೋಗ್ರಾಮ್ ಎಂಬ ನಕ್ಷೆ ಸಾಮಾನ್ಯವಾಗಿ ಕ್ಯಾಮೆರಾ ತಾನೇ ಕುಗ್ಗಿಸಿ ಸಿದ್ಧಪಡಿಸಿದ ಜೆಪೆಗ್ ಚಿತ್ರದ ಲೆಕ್ಕದ್ದು, ಅದರಡಿಯ ರಾ ಕಡತದ್ದಲ್ಲ, ಅಂದರೆ ಸೆನ್ಸರ್ ಹಿಡಿದ ಮೂಲ ಮಾಹಿತಿಯದ್ದಲ್ಲ. ರಾ ಕಡತದಲ್ಲಿ ಕೆಂಪು ಎಷ್ಟು ಉಳಿದಿದೆ ಎಂಬುದನ್ನು ಕಣ್ಣೆದುರೇ ತೋರಿಸುವ ಕ್ಯಾಮೆರಾ ಕೊಡಿ, 8ಕೆ ವಿಡಿಯೋವನ್ನು ನೀವೇ ಇಟ್ಟುಕೊಳ್ಳಿ.

ಫೋಕಸ್ಸಿನಲ್ಲಿ ಮಾತ್ರ ಹೊಸ ಕ್ಯಾಮೆರಾಗಳಿಗೆ ಕೈಮುಗಿಯುತ್ತೇನೆ. ಕಣ್ಣನ್ನು ಹುಡುಕಿ ಹಿಡಿಯುವ ವಿದ್ಯೆ ನಮ್ಮ ಅರ್ಧ ಆಯಾಸ ಇಳಿಸಿದೆ. ಆದರೆ ಮಂಟಪದಲ್ಲಿ ಹದಿನೈದು ಜನ ನಿಂತರೆ ಮೂವತ್ತು ಕಣ್ಣು. ಜೊತೆಗೆ ಹೋಮದ ಹೊಗೆ, ಹಾರುವ ಅಕ್ಷತೆ, ಅಡ್ಡ ಬರುವ ಚಿಕ್ಕಪ್ಪನ ಮೊಬೈಲ್. ಇಂಥವರ ಮುಖಕ್ಕೇ ಮೊದಲ ಮಣೆ ಎಂದು ಮೊದಲೇ ನೋಂದಾಯಿಸಿಡುವ ಸೌಲಭ್ಯ ಕೆಲವು ಕ್ಯಾಮೆರಾಗಳಲ್ಲಿದೆ, ನನಗೂ ಬೇಕು. ಇದನ್ನು ಹೇಳಿದಾಗ ನನ್ನ ಸಹಾಯಕ ಕೇಳಿದ: "ಅಣ್ಣಾ, ನೋಂದಾಯಿಸುವುದು ಮೇಕಪ್‌ಗೆ ಮೊದಲೋ ಆಮೇಲೋ?" ಉತ್ತರ ಹೊಳೆಯಲಿಲ್ಲ.

ಮೆಗಾಪಿಕ್ಸೆಲ್ ಅಭಿಮಾನಿಗಳಿಗೆ ಒಂದು ಸಣ್ಣ ಗುಣಾಕಾರ. ನಮ್ಮ ಆಲ್ಬಮ್ ಬಿಡಿಸಿಟ್ಟಾಗ 12×36 ಇಂಚು, ಒಂದು ಪುಟ 12×18. ಇಂಚಿಗೆ 300 ಬಿಂದುಗಳಂತೆ ಹಿಡಿದರೂ 3600×5400, ಅಂದರೆ 1 ಕೋಟಿ 94 ಲಕ್ಷ ಬಿಂದು. 24 ಮೆಗಾಪಿಕ್ಸೆಲ್ ಎಂದರೆ 2 ಕೋಟಿ 40 ಲಕ್ಷ. ಪುಟ ತುಂಬಿ ಮಿಗುತ್ತದೆ. 61 ಮೆಗಾಪಿಕ್ಸೆಲ್ ತೆಗೆದುಕೊಂಡು ಹಾರ್ಡ್ ಡಿಸ್ಕ್ ಎಲ್ಲಿಡಲಿ? ಈಗಲೇ ಒಂದು ಬಿಎಚ್‌ಕೆ ಮನೆಯಲ್ಲಿ ಹೆಂಡತಿಯ ಸೀರೆಯ ಕಪಾಟಿನ ಎರಡು ಅಂತಸ್ತು ನನ್ನ ಪಾಲಾಗಿದೆ. ಸೆಕೆಂಡಿಗೆ 40 ಫ್ರೇಮ್ ಎಂದರೆ ಧಾರೆಯೊಂದರದ್ದೇ 400 ಚಿತ್ರ. ಕುಳಿತು ಆರಿಸುವವರು ಯಾರು? ಆದರೆ ಗುಂಡಿ ಒತ್ತುವುದಕ್ಕಿಂತ ಅರ್ಧ ಸೆಕೆಂಡು ಮೊದಲಿನಿಂದಲೇ ಚಿತ್ರ ಹಿಡಿದಿಡುವ ಹೊಸ ಸೌಲಭ್ಯ ಇದೆಯಲ್ಲ, ಅದಕ್ಕೆ ಸೋತಿದ್ದೇನೆ. ಮೊದಲ ಹನಿ ಬೀಳುವಾಗ ನನ್ನ ಬೆರಳು ಯಾವಾಗಲೂ ಒಂದು ಕ್ಷಣ ಹಿಂದೆ.

ಬ್ಯಾಟರಿಯ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಕೋಪ ಬರುತ್ತದೆ. ನನ್ನ ಹಳೆಯ ಡಿ750ಗೆ ನಿಕಾನ್ ಕೊಟ್ಟ ಅಂಕಿ ಒಂದು ಬ್ಯಾಟರಿಗೆ 1,230 ಚಿತ್ರ. ಹೆಚ್ಚಿನ ಹೊಸ ಮಿರರ್‌ಲೆಸ್ (ಕನ್ನಡಿಯಿಲ್ಲದ) ಕ್ಯಾಮೆರಾಗಳಲ್ಲಿ ಅದರ ಅರ್ಧಕ್ಕೇ ಸಮಾಧಾನ ಪಟ್ಟುಕೊಳ್ಳಬೇಕು.

ಕೊನೆಗೆ, ಯಾವ ಜಾಹೀರಾತಿನಲ್ಲೂ ಕಾಣದ ಒಂದು ಬೇಡಿಕೆ: ಗಡಿಯಾರ. ನನ್ನ ಎರಡು ಬಾಡಿ, ಸಹಾಯಕನದೊಂದು. ಮೂರರ ಸಮಯದಲ್ಲಿ ನಾಲ್ಕು ನಿಮಿಷ ವ್ಯತ್ಯಾಸವಾದರೆ, ಕಂಪ್ಯೂಟರಿನಲ್ಲಿ ಸಮಯದ ಕ್ರಮಕ್ಕೆ ಜೋಡಿಸಿದಾಗ ಧಾರೆಗೆ ಮೊದಲೇ ಮದುಮಗಳು ಗಂಡನ ಮನೆಗೆ ಹೊರಟಿರುತ್ತಾಳೆ! ಹತ್ತು ಸಾವಿರ ರೂಪಾಯಿಯ ಮೊಬೈಲ್ ತಾನಾಗಿಯೇ ಸಮಯ ಸರಿಪಡಿಸಿಕೊಳ್ಳುತ್ತದೆ. ಲಕ್ಷಗಟ್ಟಲೆ ಸುರಿದು ಕೊಂಡ ನನ್ನ ಯಂತ್ರಕ್ಕೆ, ಮುಹೂರ್ತದ ಗಡಿಬಿಡಿಯಲ್ಲಿ ನಾನು ಮೆನುವಿನೊಳಗೆ ಇಳಿದು ನಿಮಿಷ ತಿದ್ದಬೇಕು.

ಮಂಗಳವಾರ ಮದುವೆಯಿಲ್ಲ, ಮುಂಬಯಿಯ ಫೋರ್ಟ್ ಭಾಗದ ಬೋರಾ ಬಜಾರಿಗೆ ಹೋಗಿ ಎರಡು ಮೂರು ಕ್ಯಾಮೆರಾ ಕೈಯಲ್ಲಿ ಹಿಡಿದು ನೋಡುವವನಿದ್ದೇನೆ. ನನ್ನ ಕಾರ್ಡುಗಳನ್ನು ನಾನೇ ಒಯ್ಯುತ್ತೇನೆ. ಹಳೆಯ ಡಿ750 ಮಾರುತ್ತೀರಾ ಎಂದು ಈಗಾಗಲೇ ನಾಲ್ವರು ಇನ್‌ಬಾಕ್ಸಿಗೆ ಬಂದಿದ್ದಾರೆ. ಮಾರುವುದಿಲ್ಲ, ಅದು ಸಹಾಯಕನಿಗೆ. ಗ್ರಿಪ್ಪಿನ ರಬ್ಬರ್ ಎದ್ದಿದೆ, ಆದರೆ ಅದಕ್ಕೂ ಎರಡು ಕಾರ್ಡ್ ಹಿಡಿಸುತ್ತವೆ.